ದಂಡವು ಬೆಲೆಯಾದಾಗ

ಅರ್ಥಶಾಸ್ತ್ರವೆಂದರೆ ಪೇಟೆಯ ಧಾರಣೆ, ತೆರಿಗೆ, ಬಡ್ಡಿಗಳ ಶುಷ್ಕ ಲೆಕ್ಕವೆಂಬ ಭಾವನೆ ಜನಸಾಮಾನ್ಯರಲ್ಲಿ ಬಹುಕಾಲದಿಂದ ಬೇರೂರಿದೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಫ್ರೀಕನಾಮಿಕ್ಸ್’ ಎಂಬ ಗ್ರಂಥವು ಈ ಭಾವನೆಯನ್ನು ಅಲುಗಾಡಿಸಿತು. ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಹಾಗೂ ಪತ್ರಕರ್ತ ಸ್ಟೀಫನ್ ಡಬ್ನರ್ ಕೂಡಿ ರಚಿಸಿದ ಈ ಕೃತಿಯ ಲಕ್ಷಾಂತರ ಪ್ರತಿಗಳು ಮಾರಾಟವಾದವು. ಲೋಕವು ನಂಬಿದ್ದಕ್ಕೆ ವಿಪರೀತವಾದುದನ್ನು ಅಂಕಿ-ಅಂಶಗಳಿಂದ ಸಾಧಿಸಿ ತೋರಿಸುವುದೇ ಅದರ ವೈಖರಿ. ಇದು ವಿದ್ಯೆಯೋ ವಿನೋದವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ವಿದ್ಯೆಯೆನ್ನಲು ಆಧಾರವುಂಟು. ಜಪಾನಿನ ಸುಮೋ ಕುಸ್ತಿಯಲ್ಲಿ ಮೇಲ್ದರ್ಜೆಯ ಜಟ್ಟಿಯು ಒಂದು ಪಂದ್ಯಾವಳಿಯಲ್ಲಿ 15 ಸಲ ಸೆಣಸುತ್ತಾನೆ. 8 ಗೆದ್ದರೆ ಸ್ಥಾನ ಭದ್ರ. ಏಳು ಗೆದ್ದು ಏಳು ಸೋತವನು, ಆಗಲೇ ಎಂಟು ಗೆದ್ದವನೆದುರು ಕೊನೆಯ ದಿನ ನೂರಕ್ಕೆ ಸುಮಾರು 80 ಸಲ ಗೆಲ್ಲುತ್ತಿದ್ದುದನ್ನು ಲೆವಿಟ್ ಮತ್ತು ಮಾರ್ಕ್ ಡಗನ್ 2002ರಲ್ಲಿ ತೋರಿಸಿ, ಇದು ಒಳಒಪ್ಪಂದದ ಕುರುಹೆಂದರು. 2011ರಲ್ಲಿ ಜಟ್ಟಿಗಳ ಮೊಬೈಲ್ ಸಂದೇಶಗಳಿಂದ ಅಂಥ ಮೋಸವು ಬಯಲಾಗಿ, ಮಾರ್ಚ್ ತಿಂಗಳ ಪಂದ್ಯಾವಳಿಯೇ ರದ್ದಾಯಿತು.

ಆದರೆ ಎಲ್ಲ ಲೆಕ್ಕಗಳೂ ಹೀಗೆ ನಿಲ್ಲಲಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಅಪರಾಧಗಳು ಇಳಿದದ್ದಕ್ಕೆ 1973ರಲ್ಲಿ ಗರ್ಭಪಾತಕ್ಕೆ ದೊರೆತ ಕಾನೂನಿನ ಮಾನ್ಯತೆಯೂ ಒಂದು ಪ್ರಮುಖ ಕಾರಣವೆಂದು ಲೆವಿಟ್ ಮತ್ತು ಜಾನ್ ಡೊನೊಹ್ಯೂ 2001ರಲ್ಲಿ ವಾದಿಸಿದ್ದರು. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಇಬ್ಬರು ಅರ್ಥಶಾಸ್ತ್ರಜ್ಞರು 2005ರಲ್ಲಿ ಆ ಲೆಕ್ಕವನ್ನು ಪರಿಶೀಲಿಸಿ, ಅದರ ಒಂದು ಭಾಗದಲ್ಲಿ ಕಂಪ್ಯೂಟರ್ ಗಣನೆಯ ದೋಷವನ್ನು ಎತ್ತಿ ತೋರಿಸಿದರು. ಲೆವಿಟ್ ದೋಷವನ್ನು ಒಪ್ಪಿದರಾದರೂ ತೀರ್ಮಾನವನ್ನು ಬಿಡಲಿಲ್ಲ. 2020ರಲ್ಲಿಯೂ ಅದನ್ನೇ ಸಮರ್ಥಿಸಿದರು. ವಿವಾದ ಉಳಿದಿದೆ. ಆದರೆ ಗ್ರಂಥವನ್ನೋದಿದ ಲಕ್ಷಾಂತರ ಜನರಲ್ಲಿ ಈ ತಿದ್ದುಪಡಿಯನ್ನು ಓದಿದವರೆಷ್ಟು? ಅಚ್ಚರಿಯ ಮಾತು ಮನೆಮನೆಗೆ ಹೋಗುತ್ತದೆ. ಅದರ ಪರಿಶೀಲನೆ ವಿದ್ವತ್ ಪತ್ರಿಕೆಯಲ್ಲಿಯೇ ಉಳಿಯುತ್ತದೆ. ಜನಪ್ರಿಯ ಅರ್ಥಶಾಸ್ತ್ರದ ನಿಜವಾದ ಅಪಾಯವಿದು.

ಗೃಹಸ್ಥರಾದ ಓದುಗರು ಗಮನಿಸಬೇಕಾದ ಪ್ರಸಂಗವೊಂದು ಅದೇ ಗ್ರಂಥದಲ್ಲಿದೆ. ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ಉರಿ ಗ್ನೀಜಿ ಮತ್ತು ಆಲ್ಡೋ ರಸ್ಟಿಕೀನಿ ನಡೆಸಿದ ಪ್ರಯೋಗವದು, 2000ದಲ್ಲಿ ಪ್ರಕಟವಾಯಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಆರು ಶಿಶುವಿಹಾರಗಳಲ್ಲಿ ಸಣ್ಣ ದಂಡವನ್ನು ವಿಧಿಸಲಾಯಿತು. ತಡವಾಗುವುದು ಕಡಿಮೆಯಾಗಲಿಲ್ಲ, ಸುಮಾರು ಇಮ್ಮಡಿಯಾಯಿತು. ಕಾದು ಕುಳಿತ ಶಿಕ್ಷಕಿಯ ಮುಂದೆ ಮೊದಲಿದ್ದ ಸಂಕೋಚವು, ಹಣ ತೆತ್ತ ಮೇಲೆ ಉಳಿಯಲಿಲ್ಲ. ದಂಡವು ಬೆಲೆಯಾಯಿತು. ಕೆಲವು ವಾರಗಳ ನಂತರ ದಂಡವನ್ನು ತೆಗೆದುಹಾಕಿದಾಗಲೂ ಹಳೆಯ ಸಂಕೋಚ ಮರಳಲಿಲ್ಲ.

ಮನುಷ್ಯನು ಲಾಭನಷ್ಟಗಳಿಗೆ ಓಗೊಡುತ್ತಾನೆಂಬುದು ದಿಟ. ಆದರೆ ಅವುಗಳಿಗೆ ಮಾತ್ರ ಓಗೊಡುವುದಿಲ್ಲವೆಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಅಂಕ ಪಡೆದ ಮಗುವಿಗೆ ಹಣ, ಅಜ್ಜನಿಗೆ ನೀರು ಕೊಟ್ಟರೆ ಕಾಸು ಎಂಬ ಪದ್ಧತಿಯನ್ನು ಮನೆಗೆ ತರುವ ಮುನ್ನ ತಂದೆತಾಯಿಗಳು ಇದನ್ನು ಆಲೋಚಿಸಬೇಕು. ಇಂಥ ಗ್ರಂಥಗಳನ್ನು ಓದಬೇಡಿರೆಂದು ನಾವು ಹೇಳೆವು. ಓದಿರಿ, ಆದರೆ ಚಮತ್ಕಾರಕ್ಕೆ ತಲೆದೂಗುವ ಮೊದಲು, ಈ ಲೆಕ್ಕವನ್ನು ಮತ್ತೊಬ್ಬರು ಪರಿಶೀಲಿಸಿದ್ದಾರೆಯೇ ಎಂದು ಕೇಳುವ ಅಭ್ಯಾಸವಿರಲಿ.