ಕಿವಿಯೂ ನಮ್ಮದೇ

‘ಫೋನಿನಲ್ಲೇ ಜಗತ್ತಿನ ಹಾಡೆಲ್ಲ ಸಿಗುವಾಗ ಈ ಬೆಂಕಿಪೊಟ್ಟಣ ಯಾಕ್ರೀ?’

ನನ್ನ ಕೈಚೀಲದಲ್ಲಿರುವ ಪುಟ್ಟ ಎಂಪಿ3 ಪ್ಲೇಯರನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಇದು. ಮನೆಯವರು ಕೇಳಿದ್ದಾರೆ, ಕಾಲೇಜಿನ ಸಹೋದ್ಯೋಗಿಗಳು ಕೇಳಿದ್ದಾರೆ, ಮೆಟ್ರೋದಲ್ಲಿ ಪಕ್ಕ ಕೂತ ಅಪರಿಚಿತರೂ ಕೇಳಿದ್ದಾರೆ. ಗಂಡಸರು ನಗುತ್ತಾ ಕೇಳುತ್ತಾರೆ. ಹೆಂಗಸರು, ಪಾಪ ಒಳ್ಳೆಯ ಫೋನ್ ಕೊಳ್ಳಲು ಗತಿಯಿಲ್ಲವೇನೋ ಎಂಬ ಕನಿಕರದಲ್ಲಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಒಟ್ಟಿಗೇ ಬರೆದುಬಿಡುತ್ತಿದ್ದೇನೆ.

ನನ್ನ ವಾದ ಇಷ್ಟು: ಈ ಯಂತ್ರಕ್ಕೆ ಹಾಡು ಕೇಳಿಸುವುದನ್ನು ಬಿಟ್ಟು ಮತ್ತೇನೂ ಬರುವುದಿಲ್ಲ. ಅದನ್ನೇ ಎಲ್ಲರೂ ಅದರ ದೊಡ್ಡ ಕೊರತೆ ಎನ್ನುತ್ತಾರೆ. ಮನೆಯನ್ನೂ ಕೆಲಸವನ್ನೂ ಹೊತ್ತು ಓಡಾಡುವ ಹೆಂಗಸಿಗೆ ಅದೇ ಅದರ ದೊಡ್ಡ ಗುಣ.

ಫೋನಿನಲ್ಲಿ ಹಾಡು ಹಾಕಿ ನೋಡಿ. ಪಲ್ಲವಿ ಮುಗಿಯುವಷ್ಟರಲ್ಲಿ ಮಗನ ಶಾಲೆಯ ಗುಂಪಿನಿಂದ ಟಿಣ್ ಎನ್ನುತ್ತದೆ. ಚರಣಕ್ಕೆ ಬರುವಷ್ಟರಲ್ಲಿ ‘ಅರಿಶಿನದ ಡಬ್ಬಿ ಎಲ್ಲಿಟ್ಟಿದ್ದೀಯಾ?’ ಎಂದು ಮನೆಯಿಂದ ಕರೆ. ಅದು ಮುಗಿದರೆ ಸಾಲ ಬೇಕೇ ಎಂದು ಯಾವುದೋ ಹುಡುಗಿ. ನಡುವೆ ದುಡ್ಡು ಕಟ್ಟದವರಿಗೆಂದೇ ಜಾಹೀರಾತು. ಹಾಡು ಎಲ್ಲಿಗೆ ನಿಂತಿತ್ತೋ ಆ ಮನಸ್ಸೂ ಅಲ್ಲಿಲ್ಲ. ಇನ್ನು ನಾವು ಜೋಪಾನವಾಗಿ ಮಾಡಿಟ್ಟುಕೊಂಡ ಪಟ್ಟಿಗಳಾದರೂ ನಮ್ಮವೇ? ಏರ್‌ಟೆಲ್‌ನವರ ವಿಂಕ್ ಎಂಬ ಹಾಡಿನ ಆ್ಯಪ್ 2024ರಲ್ಲಿ ಮುಚ್ಚಿಯೇ ಹೋಯಿತು. ಅದನ್ನು ನೆಚ್ಚಿಕೊಂಡಿದ್ದವರು ಬೇರೆ ಮನೆ ಹುಡುಕಬೇಕಾಯಿತು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದ ಹಾಗೆ ಅದು.

ನನ್ನ ಡಬ್ಬಿಯ ಲೆಕ್ಕ ಬೇರೆ. ಸಾಧಾರಣ ಗುಣಮಟ್ಟದಲ್ಲಿ ತುಂಬಿಸಿದರೆ ಒಂದು ನಿಮಿಷದ ಹಾಡಿಗೆ ಸುಮಾರು 1 ಎಂಬಿ ಜಾಗ ಬೇಕು. ನಾಲ್ಕು ನಿಮಿಷದ ಹಾಡು 4 ಎಂಬಿ. 8 ಜಿಬಿಯ ಪ್ಲೇಯರಿನಲ್ಲಿ ಹತ್ತಿರಹತ್ತಿರ 2000 ಹಾಡು ಹಿಡಿಸುತ್ತವೆ. ಇಂಟರ್‌ನೆಟ್ ಬೇಡ, ಸಿಗ್ನಲ್ ಬೇಡ, ತಿಂಗಳ ಬಾಡಿಗೆ ಬೇಡ. ಹಿಂದೆ ಹಾಡಿನ ಪಟ್ಟಿ ಬರೆದು ಅಂಗಡಿಗೆ ಕೊಟ್ಟು, ವಾರ ಕಾದು, ‘ಅರವತ್ತರ’ ಕ್ಯಾಸೆಟ್ ತುಂಬಿಸಿಕೊಂಡು ಬರುತ್ತಿದ್ದೆವಲ್ಲ, ಒಂದು ಮಗ್ಗುಲಿಗೆ ಅರ್ಧ ಗಂಟೆ! ಆ ಪಟ್ಟಿ ನಮ್ಮ ಕೈಬರಹದ್ದು, ಆಯ್ಕೆ ನಮ್ಮದು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆಗಳು ಮನೆಮನೆಗೆ ನಡೆದು ಬಂದವು. ಆದರೆ ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇರುತ್ತಿದ್ದದ್ದು ಎಲ್ಲಿ? ಹಾಲಿನಲ್ಲಿ. ನಾವು ಇರುತ್ತಿದ್ದದ್ದು ಎಲ್ಲಿ? ಅಡುಗೆಮನೆಯಲ್ಲಿ. ಕುಕ್ಕರಿನ ಸೀಟಿಗಳ ನಡುವೆ ಕೇಳಿಸಿದಷ್ಟೇ ನಮ್ಮ ಪಾಲಿನ ಸಂಗೀತ.

2021ರ ಆಗಸ್ಟಿನಲ್ಲಿ ಮೆಟ್ರೋದ ನೇರಳೆ ಮಾರ್ಗ ಕೆಂಗೇರಿ ತಲುಪಿದ ಮೇಲೆ ನನ್ನ ಓಡಾಟ ಹಗುರವಾಯಿತು. ವಿಜಯನಗರದಲ್ಲಿ ಹತ್ತಿ ಅತ್ತಿಗುಪ್ಪೆ, ದೀಪಾಂಜಲಿನಗರ, ನಾಯಂಡಹಳ್ಳಿ, ಜ್ಞಾನಭಾರತಿ ಎಂದು ದಾಟಿ ಕೆಂಗೇರಿಯಲ್ಲಿ ಇಳಿಯುವುದು ನನ್ನ ಲೆಕ್ಕದಲ್ಲಿ ಐದು ಹಾಡಿನ ದೂರ. ಹೋಗುವಾಗ ಐದು, ಬರುವಾಗ ಐದು. ಇಡೀ ದಿನದಲ್ಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಹತ್ತು ಹಾಡುಗಳು. ಆ ಹೊತ್ತಿನಲ್ಲಿ ಫೋನು ಕೈಚೀಲದ ತಳದಲ್ಲಿ ಬಾಯಿ ಮುಚ್ಚಿಕೊಂಡು ಮಲಗಿರುತ್ತದೆ.

ಇಲ್ಲಿಗೆ ಜಗಳದ ನಿಜವಾದ ಮೂಲಕ್ಕೆ ಬಂದೆ. ಜನರ ಆಕ್ಷೇಪಣೆ ಯಂತ್ರದ ಮೇಲಲ್ಲ, ಕಿವಿಯ ಮೇಲೆ. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ನನಗನಿಸುವ ಹಾಗೆ ಮನೆಯ ಗೋಡೆಗಿರುವ ಆ ಕಿವಿ ಗೃಹಿಣಿಯದೇ. ಹಾಲು ಉಕ್ಕುವ ಸದ್ದು, ನಲ್ಲಿಯಲ್ಲಿ ನೀರು ಬಂದ ಸದ್ದು, ಮಗುವಿನ ಕೆಮ್ಮು, ಕಸದ ಗಾಡಿಯ ಹಾಡು, ಬಾಗಿಲ ಗಂಟೆ, ಎಲ್ಲವನ್ನೂ ಆಲಿಸಲೆಂದು ಆ ಕಿವಿಗಳನ್ನು ಇಡೀ ಕುಟುಂಬ ಸೇರಿ ಭೋಗ್ಯಕ್ಕೆ ಹಾಕಿಕೊಂಡಿದೆ.

ಒಂದು ಭಾನುವಾರ ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ ಸಿಲಿಂಡರಿನವನು ಬಂದು ಗಂಟೆ ಬಾರಿಸಿ ಹೊರಟುಹೋದ. ಎರಡು ದಿನ ಮನೆಯಲ್ಲಿ ಅದೇ ಮಾತು: ‘ಕಿವಿಗೆ ಅದನ್ನ ಸಿಕ್ಕಿಸ್ಕೊಂಡ್ರೆ ಹೀಗೇ ಆಗೋದು.’ ಆ ಹೊತ್ತಿಗೆ ಕೆಳಗಿನ ಹಾಲಿನಲ್ಲಿ ನಮ್ಮವರಿದ್ದರು, ಕೋಣೆಯಲ್ಲಿ ಮಗನಿದ್ದ. ಯಾವ ತಂತಿಯೂ ಸಿಕ್ಕಿಸಿಕೊಳ್ಳದ ಎರಡು ಜತೆ ಕಿವಿಗಳು ಬಾಗಿಲಿಗೆ ಹತ್ತಡಿ ದೂರದಲ್ಲಿದ್ದವು. ಅವುಗಳ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ನಾನೇ ಎತ್ತಿದೆ. ‘ನಾನು ಪೇಪರ್ ಓದ್ತಿದ್ದೆ’ ಎಂದರು ನಮ್ಮವರು.

ನೋಡಿದಿರಾ ಉತ್ತರ! ಪೇಪರ್ ಎಂಬುದು ಗಂಡಸಿನ ಇಯರ್‌ಫೋನ್. ಅದನ್ನು ಮುಖದ ಮುಂದೆ ಬಿಡಿಸಿ ಹಿಡಿದರೆ ಮುಗಿಯಿತು, ಅರ್ಧ ಗಂಟೆ ಅವರಿಗೆ ಲೋಕ ಕೇಳಿಸುವುದಿಲ್ಲ. ಮಕ್ಕಳಿಗೂ ‘ಅಪ್ಪ ಓದ್ತಿದ್ದಾರೆ’ ಎಂದು ನಾವೇ ಹೇಳಿ ಕಾವಲು ಕಾಯುತ್ತೇವೆ. ಆ ಏಕಾಂತವನ್ನು ಯಾರೂ ಒಂಟಿತನ, ಸ್ವಾರ್ಥ, ಮನೆಮುರುಕುತನ ಎನ್ನುವುದಿಲ್ಲ. ಐವತ್ತು ದಾಟಿದ ಹೆಂಗಸು ಕಿವಿಗೆ ತಂತಿ ಹಾಕಿಕೊಂಡರೆ ಮಾತ್ರ ‘ಈ ವಯಸ್ಸಿನಲ್ಲಿ ಇದೊಂದು ಶೋಕಿ’ ಆಗುತ್ತದೆ.

ಈ ತಕರಾರು ಇಂದಿನದೂ ಅಲ್ಲ, ನಮ್ಮ ದೇಶದ್ದು ಮಾತ್ರವೂ ಅಲ್ಲ. ಜಪಾನಿನ ಸೋನಿ ಕಂಪನಿಯವರು ಮೊದಲ ವಾಕ್‌ಮನ್ ಮಾರಾಟಕ್ಕೆ ತಂದದ್ದು 1979ರ ಜುಲೈ 1ರಂದು. ಕಂಪನಿಯ ಅಕಿಯೊ ಮೊರಿಟಾ ಅದನ್ನು ಪರೀಕ್ಷಿಸಲು ಮನೆಗೆ ಒಯ್ದಾಗ, ತನ್ನನ್ನು ಹೊರಗಿಟ್ಟರು ಎಂದು ಅವರ ಹೆಂಡತಿಗೆ ಬೇಸರವಾಯಿತಂತೆ. ಮೊರಿಟಾ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹಾಗಾಗಿ ಆ ಮೊದಲ ಮಾದರಿಗೆ ಇಬ್ಬರು ಒಟ್ಟಿಗೆ ಕೇಳಲು ಎರಡು ತೂತುಗಳನ್ನೂ, ಹಾಡಿನ ಸದ್ದು ತಗ್ಗಿಸಿ ಪರಸ್ಪರ ಮಾತಾಡಲು ಕಿತ್ತಳೆ ಬಣ್ಣದ ಒಂದು ಗುಂಡಿಯನ್ನೂ ಇಟ್ಟರು. ಆದರೆ ಕೊಂಡವರು ಇದು ನನ್ನದು, ನನ್ನೊಬ್ಬನದು ಎಂದೇ ಬಳಸಿದರು. ಮುಂದಿನ ಮಾದರಿಯಲ್ಲಿ ಆ ಗುಂಡಿ ಹೋಯಿತು. ಆಗ ಕಿವಿ ಮುಚ್ಚಿಕೊಂಡ ಗಂಡನ ಎದುರು ಹೆಂಡತಿ ಬೇಸರಪಟ್ಟಳು. ಈಗ ಪಾತ್ರಗಳು ಅದಲುಬದಲಾದಾಗ ಬೇಸರವೊಂದೇ ಸಾಲದೆ ಉಪದೇಶವೂ ಬರುತ್ತದೆ.

‘ಹಾಗಾದರೆ ಹಳೆಯ ಹಾಡಿನ ಪೆಟ್ಟಿಗೆ ಬರುತ್ತಲ್ಲ, ಅದನ್ನೇ ತಗೊಳ್ಳಿ’ ಎನ್ನುವವರಿದ್ದಾರೆ. ಸರೆಗಮ ಕಂಪನಿಯ ಕಾರವಾನ್ 2017ರಲ್ಲಿ ಬಂತು. 5000 ಹಳೆಯ ಹಿಂದಿ ಹಾಡುಗಳನ್ನು ಮೊದಲೇ ತುಂಬಿದ, ರೇಡಿಯೋ ಆಕಾರದ ಪೆಟ್ಟಿಗೆ. ಆಮೇಲೆ ಕನ್ನಡದ್ದೂ ಬಂತು. ವಯಸ್ಸಾದವರ ಬೆರಳಿಗೆ ಅದು ಬಹಳ ಅನುಕೂಲ, ಒಪ್ಪುತ್ತೇನೆ. ಕೊರತೆ ಏನೆಂದರೆ ತುಂಬಿಸಿದ ಹಾಡುಗಳು ಕಂಪನಿಯ ಸ್ವಂತ ಭಂಡಾರದವು, ಆಯ್ಕೆ ಅವರದು. ಬೇರೆ ಕಂಪನಿಯ ಹಾಡು ಬೇಕೆಂದರೆ ನಾವೇ ಪೆನ್‌ಡ್ರೈವ್ ಸಿಕ್ಕಿಸಬೇಕು. ಅದಕ್ಕಿಂತ ಮುಖ್ಯವಾಗಿ, ಪೆಟ್ಟಿಗೆ ಮತ್ತೆ ಹೋಗಿ ಕೂರುವುದು ಹಾಲಿನಲ್ಲೇ.

ಬಸವೇಶ್ವರನಗರದಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಮಗ ಪ್ರೀತಿಯಿಂದ ಅಂಥದೊಂದು ಪೆಟ್ಟಿಗೆ ತಂದುಕೊಟ್ಟ. ಬೆಳಿಗ್ಗೆ ಹಾಕಿದರೆ ಮೊಮ್ಮಗಳ ಓದಿಗೆ ತೊಂದರೆ, ಸಂಜೆ ಹಾಕಿದರೆ ಟಿವಿಯ ಸುದ್ದಿಗೆ ತೊಂದರೆ, ರಾತ್ರಿ ಹಾಕಿದರೆ ಎಲ್ಲರ ನಿದ್ದೆಗೆ ತೊಂದರೆ. ಪೆಟ್ಟಿಗೆ ಷೋಕೇಸು ಸೇರಿತು. ಕೊನೆಗೆ ಅವರೇ ಅಂಗಡಿಗೆ ಹೋಗಿ, ಸೆರಗಿಗೆ ಕ್ಲಿಪ್ಪಿನಲ್ಲಿ ಸಿಕ್ಕಿಸಿಕೊಳ್ಳುವ ಒಂದು ಪ್ಲೇಯರ್ ತಂದುಕೊಂಡರು. ‘ಕರೆದರೆ ಕೇಳಿಸೋದಿಲ್ವಲ್ಲಮ್ಮ’ ಎಂದು ಮಗ ಅಂದಾಗ ಅವರು ಹೇಳಿದ್ದು: ‘ನಲವತ್ತು ವರ್ಷ ಎಲ್ಲರೂ ಕರೆದಿದ್ದೆಲ್ಲ ಕೇಳಿಸ್ಕೊಂಡಿದ್ದೀನಪ್ಪ. ದಿನಕ್ಕೆ ಅರ್ಧ ಗಂಟೆ ಕೇಳಿಸದಿದ್ರೆ ಏನಾಯ್ತು?’

ಕ್ಲಿಪ್ಪಿನ ಮಾತು ಬಂದದ್ದರಿಂದ ಹೇಳುತ್ತೇನೆ. 2001ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿ ಐಪಾಡ್ ತಂದಾಗ, ಜೇಬಿನಲ್ಲಿ ಸಾವಿರ ಹಾಡು ಎಂದು ಸಾರಿತು. ಸೀರೆಗೆ ಜೇಬೆಲ್ಲಿದೆ? ನಮಗೆ ಬೇಕಾದದ್ದು ಕ್ಲಿಪ್ಪು. ಹಾಗೆಯೇ ಒತ್ತಿದರೆ ಬೆರಳಿಗೆ ತಿಳಿಯುವ ಗುಂಡಿ. ಹಿಟ್ಟು ಮೆತ್ತಿದ ಕೈಯಲ್ಲಿ ಫೋನಿನ ಗಾಜನ್ನು ಉಜ್ಜಿ ನೋಡಿ, ಹಾಡೂ ಬದಲಾಗುವುದಿಲ್ಲ, ಗಾಜೂ ಉಳಿಯುವುದಿಲ್ಲ. ಗುಂಡಿಯಾದರೆ ಮೊಣಕೈಯಲ್ಲೂ ಒತ್ತಬಹುದು!

ಹಾಗೆಂದು ಈ ಡಬ್ಬಿಯನ್ನು ಪೂಜೆಗಿಡಿ ಎಂದು ನಾನು ಹೇಳುವುದಿಲ್ಲ. ದೋಷಗಳಿವೆ. ಕಡಿಮೆ ಬೆಲೆಯ ಅನೇಕ ಪ್ಲೇಯರುಗಳ ಪರದೆಯಲ್ಲಿ ಕನ್ನಡ ಅಕ್ಷರ ಮೂಡುವುದೇ ಇಲ್ಲ, ಹಾಡಿನ ಹೆಸರಿನ ಜಾಗದಲ್ಲಿ ಬರೀ ಚೌಕಗಳು. ಒಳಗಿನ ಬ್ಯಾಟರಿಯನ್ನು ಬಿಚ್ಚಲಾಗದಂತೆ ಮುಚ್ಚಿರುತ್ತಾರೆ. ಕೆಲವು ವರ್ಷದಲ್ಲಿ ಅದು ಸೊರಗಿದರೆ ಡಬ್ಬಿಯೇ ಕಸ. ರಿಪೇರಿಗೆ ಎಸ್.ಪಿ. ರಸ್ತೆಯನ್ನು ಸುತ್ತುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಅಂಗಡಿಗಳಲ್ಲಿ ಆಯ್ಕೆಯೂ ಕಡಿಮೆಯಾಗಿದೆ. ಐಪಾಡನ್ನೇ 2022ರ ಮೇ ತಿಂಗಳಲ್ಲಿ ನಿಲ್ಲಿಸಿದರು. ಕೊಳ್ಳುವುದಿದ್ದರೆ ಮೆಮೊರಿ ಕಾರ್ಡ್ ಹಾಕುವ ಜಾಗ, ಸಾಮಾನ್ಯ ಇಯರ್‌ಫೋನ್ ಸಿಕ್ಕಿಸುವ ತೂತು, ಗುಂಡಿ, ಈ ಮೂರೂ ಇರುವುದನ್ನು ನೋಡಿ ಕೊಳ್ಳಿ.

ದೊಡ್ಡ ದೋಷ ಕಿವಿಗೇ ಸಂಬಂಧಪಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು 90ಕ್ಕೆ ಏರಿದರೆ ವಾರಕ್ಕೆ ಬರೀ 4 ಗಂಟೆ! ಮಾಗಡಿ ರಸ್ತೆಯ ಬಸ್ಸಿನಲ್ಲಿ, ವೆಸ್ಟ್ ಆಫ್ ಕಾರ್ಡ್ ರಸ್ತೆಯ ಹಾರ್ನುಗಳ ನಡುವೆ ಹಾಡು ಕೇಳಬೇಕೆಂದರೆ ಕೈ ತಾನಾಗಿಯೇ ಸದ್ದು ಏರಿಸುತ್ತದೆ. ಅಲ್ಲಿ ಕೇಳಬೇಡಿ. ರಸ್ತೆ ದಾಟುವಾಗ ಎರಡೂ ಕಿವಿ ಬಿಚ್ಚಿಡಿ. ಪಾರ್ಕಿನಲ್ಲಿ ನಡೆಯುವಾಗಲೂ ಒಂದು ಕಿವಿ ತೆರೆದಿರಲಿ. ಇದನ್ನು ಹೇಳಿದ ತಕ್ಷಣ ‘ನೋಡಿದ್ರಾ, ನಾವು ಹೇಳಿದ್ದೂ ಅದೇ’ ಎನ್ನುವವರಿದ್ದಾರೆ. ಅಲ್ಲ ಸ್ವಾಮಿ, ನೀವು ಹೇಳಿದ್ದು ನಿಮ್ಮ ಬಾಗಿಲ ಗಂಟೆಯ ಬಗ್ಗೆ, ನಾನು ಹೇಳುತ್ತಿರುವುದು ನನ್ನ ಕಿವಿಯ ಬಗ್ಗೆ. ಇನ್ನು, ಸಾರ್ವಜನಿಕ ಜಾಗದಲ್ಲಿ ಇಯರ್‌ಫೋನೇ ಅಸಭ್ಯ ಎನ್ನುವವರಿಗೆ ನೆನಪಿಸುತ್ತೇನೆ: ಬಸ್ಸಿನಲ್ಲಿ ಮೊಬೈಲಿನಿಂದ ಜೋರಾಗಿ ಹಾಡು ಹಾಕಬಾರದೆಂದು 2021ರ ನವೆಂಬರಿನಲ್ಲಿ ನಮ್ಮ ಹೈಕೋರ್ಟೇ ಹೇಳಬೇಕಾಯಿತು. ತನ್ನ ಹಾಡನ್ನು ತನ್ನ ಕಿವಿಯೊಳಗೇ ಇಟ್ಟುಕೊಳ್ಳುವವಳಿಂದ ಯಾರಿಗೂ ಉಪದ್ರವವಿಲ್ಲ.

ಇನ್ನೊಂದು ದೋಷವನ್ನು ನಾವೇ ತಿದ್ದಿಕೊಳ್ಳಬಹುದು. ಹಾಡು ತುಂಬಿಸಲು ಕಂಪ್ಯೂಟರ್ ಬೇಕು. ಅದಕ್ಕೆ ಮಗನನ್ನೋ ಅಳಿಯನನ್ನೋ ಕಾಯುತ್ತಾ ಕೂರುವವರೇ ಹೆಚ್ಚು. ಅವರಿಗೆ ಬಿಡುವಾದಾಗ, ಅವರಿಗೆ ತೋಚಿದ ಹಾಡು ಬರುತ್ತದೆ. ಹಾಗಾದರೆ ಪೆಟ್ಟಿಗೆ ಕೊಟ್ಟ ಕಂಪನಿಗೂ ಮಗನಿಗೂ ವ್ಯತ್ಯಾಸವೇನು? ಇದು ಬ್ರಹ್ಮವಿದ್ಯೆಯಲ್ಲ. ತಂತಿ ಸಿಕ್ಕಿಸಿ, ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವುದು. ಹೋಳಿಗೆಗೆ ಕಣಕ ನಾದುವುದು ಇದಕ್ಕಿಂತ ಕಷ್ಟ. ಕಲಿತುಬಿಡಿ. ಹೊಟ್ಟೆ ತುಂಬಿಸುವ ಪಟ್ಟಿಯನ್ನು ವರ್ಷಗಟ್ಟಲೆ ಬರೆದ ಕೈ, ಕಿವಿ ತುಂಬಿಸುವ ಪಟ್ಟಿಯನ್ನು ಬರೆಯಲಾರದೇ?

ಮುಂದಿನ ಹುಟ್ಟುಹಬ್ಬಕ್ಕೆ ಮನೆಯವರು ಏನು ಬೇಕು ಎಂದು ಕೇಳಿದರೆ ಮಿಕ್ಸಿ, ಕುಕ್ಕರು ಎನ್ನಬೇಡಿ. ಅವು ಮನೆಗೆ ಬೇಕಾದ ಸಾಮಾನು, ಮನೆಯವರೆಲ್ಲ ಸೇರಿ ತರಲಿ. ನಿಮಗೆಂದು ಈ ಬೆಂಕಿಪೊಟ್ಟಣ ಕೇಳಿ. ಅದರ ಜತೆಗೆ ದಿನಕ್ಕೆ ಅರ್ಧ ಗಂಟೆಯನ್ನೂ ಕೇಳಿ. ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ, ಅರ್ಧ ಗಂಟೆಯನ್ನು ಮಾತ್ರ ಮನೆಯಲ್ಲೇ ಜಗಳವಾಡಿ ಪಡೆಯಬೇಕು.