ಗುಡಿಸಬೇಕಿಲ್ಲದ ಮನೆ

ಹೆಂಗಸಿನ ಕೈಗೆ ಸದಾ ಕೆಲಸವಿರಬೇಕು, ಆ ಕೆಲಸ ಇನ್ನೊಬ್ಬರ ಉಪಯೋಗಕ್ಕೆ ಬರಬೇಕು ಎನ್ನುವುದು ನಮ್ಮ ಮನೆಗಳ ಬರೆಯದ ಕಾನೂನು. ಸ್ವೆಟರ್ ಹೆಣೆದರೆ ಮೊಮ್ಮಗನಿಗಾಯಿತು. ಸಂಡಿಗೆ ಇಟ್ಟರೆ ಮಳೆಗಾಲಕ್ಕಾಯಿತು. ಕ್ರೋಶಾ ಹಾಕಿದರೆ ಟೀಪಾಯಿಯ ಮೇಲೆ ಹಾಸಲಿಕ್ಕಾಯಿತು. ಹೂಬತ್ತಿ, ಗೆಜ್ಜೆವಸ್ತ್ರ ದೇವರಿಗಾಯಿತು. ಯಾರಿಗೂ ಅಲ್ಲದ, ಯಾವುದಕ್ಕೂ ಅಲ್ಲದ ಕೆಲಸವೊಂದನ್ನು ಅವಳು ಎರಡು ಗಂಟೆ ಕೂತು ಮಾಡಿದಳೋ, ‘ಪಾಪ, ಹೊತ್ತು ಹೋಗುವುದಿಲ್ಲವೇನೋ’ ಎಂಬ ಮಾತು ಬಂದೇ ಬರುತ್ತದೆ. ಗಂಡಸು ಹೀಗೆಯೇ ಅಂಚೆಚೀಟಿ ಅಂಟಿಸುತ್ತ ಕೂತರೆ ಅದಕ್ಕೆ ಹವ್ಯಾಸ ಎಂಬ ಗೌರವದ ಹೆಸರು.

ನಾನು ಮಾಡೆಲ್ ರೈಲಿನ ಹಳಿಯ ಪಕ್ಕದಲ್ಲಿ ಇಡುವ ಪುಟ್ಟ ಕಟ್ಟಡಗಳನ್ನು ಜೋಡಿಸುತ್ತೇನೆ. ಸ್ಟೇಷನ್ನು, ಸಿಗ್ನಲ್ ಕೋಣೆ, ಗೋದಾಮು, ಬೇಕರಿ, ಎರಡಂತಸ್ತಿನ ಮನೆ. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಕಟ್ಟುವುದು ನಮ್ಮ ಪಾಲು. ಇದರಿಂದ ಯಾರಿಗೂ ನಯಾಪೈಸೆಯ ಉಪಯೋಗವಿಲ್ಲ. ಹಾಗಿರುವುದರಿಂದಲೇ ಇದನ್ನು ಹೆಂಗಸರು ಮಾಡಬೇಕು ಎನ್ನುವುದು ನನ್ನ ವಾದ.

ದೊಡ್ಡ ಊರಿನ ಆಟಿಕೆ ಅಂಗಡಿಯೊಂದರಲ್ಲಿ ಇಂಥ ಪೆಟ್ಟಿಗೆ ಕೈಗೆತ್ತಿಕೊಂಡಾಗ ಹುಡುಗ ಕೇಳಿದ, ‘ಮಗನಿಗೋ, ಮೊಮ್ಮಗನಿಗೋ ಮೇಡಂ?’ ‘ನನಗೇ’ ಎಂದೆ. ಅವನು ನಕ್ಕು, ಗೊಂಬೆಗಳ ಕಪಾಟು ಆ ಕಡೆ ಇದೆ ಎಂದು ತೋರಿಸಿದ. ಅವನ ತಪ್ಪೇನೂ ಅಲ್ಲ. ರೈಲು ಎಂದರೆ ಗಂಡುಹುಡುಗರ ಆಟ, ಅಡುಗೆ ಸೆಟ್ಟು ಎಂದರೆ ಹೆಣ್ಣುಮಕ್ಕಳದು ಎಂದು ನಾವೇ ಅಲ್ಲವೇ ಹಂಚಿಕೊಟ್ಟದ್ದು?

ಈ ಗಂಡು ಆಟಿಕೆಯ ಹುಟ್ಟನ್ನು ಸ್ವಲ್ಪ ನೋಡಿ. ಜರ್ಮನಿಯ ಗ್ಯೋಪಿಂಗೆನ್ ಎಂಬ ಊರಿನಲ್ಲಿ ೧೮೫೯ರಲ್ಲಿ ಮೆರ್ಕ್ಲಿನ್ ಎಂಬ ತಗಡಿನ ಕೆಲಸದವನು ಕಾರ್ಖಾನೆ ಶುರುಮಾಡಿದಾಗ ಮಾಡುತ್ತಿದ್ದುದು ರೈಲಲ್ಲ. ಗೊಂಬೆಮನೆಯ ಅಡುಗೆಮನೆಗೆ ಬೇಕಾದ ಪುಟ್ಟ ಪುಟ್ಟ ಪಾತ್ರೆ ಪಡಗ! ಅವನ್ನು ಊರೂರು ತಿರುಗಿ ಮಾರಿದವಳು ಅವನ ಹೆಂಡತಿ ಕ್ಯಾರೊಲಿನ್. ೧೮೬೬ರಲ್ಲಿ ಗಂಡ ತೀರಿಕೊಂಡ ಮೇಲೂ ಅವಳು ಉದ್ಯಮವನ್ನು ಮುಳುಗಗೊಡಲಿಲ್ಲ, ಉಳಿಸಿ ಮಕ್ಕಳಿಗೆ ಕೊಟ್ಟಳು. ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ಮೆರ್ಕ್ಲಿನ್ ರೈಲು ಲೈಪ್‌ಜಿಗ್ ಮೇಳಕ್ಕೆ ಬಂದದ್ದು ೧೮೯೧ರಲ್ಲಿ. ಅಂದರೆ ಇವತ್ತು ಗಂಡಸರು ಗಂಭೀರವಾಗಿ ಓಡಿಸುವ ರೈಲಿನ ಹಿಂದೆ ಒಬ್ಬ ವಿಧವೆಯ ದುಡಿಮೆಯಿದೆ, ಗೊಂಬೆಯ ಅಡುಗೆಮನೆಯಿದೆ.

ಅಷ್ಟು ದೂರ ಯಾಕೆ? ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ರಾಗಿ ಮೊಳಕೆ ಬರಿಸಿ ಹೊಲ ಮಾಡುವವರು, ಕನ್ನಡಿ ಮಲಗಿಸಿ ಕೆರೆ ಮಾಡುವವರು ಯಾರು? ಪುಟ್ಟ ಊರು ಕಟ್ಟುವ ವಿದ್ಯೆ ನಮಗೆ ಹೊಸದಲ್ಲ. ದೇವರ ನೆಪವಿಲ್ಲದೆ ಕಟ್ಟುವುದಷ್ಟೇ ಹೊಸದು.

ಇನ್ನು, ಆರಿಸುವ ಮಾತು. ಮೊದಲು ನೋಡಬೇಕಾದ್ದು ಅಳತೆ. ಜರ್ಮನಿಯ ಕಿಟ್‌ಗಳಲ್ಲಿ ಹೆಚ್ಚಿನವು ‘ಎಚ್‌ಓ’ ಅಳತೆಯವು. ಅಂದರೆ ಎಲ್ಲವೂ ನಿಜದ ಎಂಬತ್ತೇಳನೆಯ ಒಂದು ಪಾಲು. ಬ್ರಿಟನ್ನಿನ ‘ಓಓ’ದಲ್ಲಿ ಎಪ್ಪತ್ತಾರನೆಯ ಒಂದು ಪಾಲು. ಎರಡೂ ರೈಲು ಓಡುವುದು ೧೬.೫ ಮಿಲಿಮೀಟರ್ ಅಗಲದ ಒಂದೇ ಹಳಿಯ ಮೇಲಾದ್ದರಿಂದ ಇವು ಬೆರೆತುಹೋಗುವುದು ಸುಲಭ. ಆದರೆ ಆರಡಿಯ ಆಳು ಒಂದರಲ್ಲಿ ೨೧ ಮಿಲಿಮೀಟರ್, ಇನ್ನೊಂದರಲ್ಲಿ ೨೪. ಅವನನ್ನು ತಂದು ಇವನ ಬಾಗಿಲಲ್ಲಿ ನಿಲ್ಲಿಸಿದರೆ ತಲೆ ತಗುಲೀತು. ಜಾಗ ಕಡಿಮೆಯಿದ್ದವರಿಗೆ ನೂರರವತ್ತನೆಯ ಒಂದು ಪಾಲಿನ ‘ಎನ್’ ಅಳತೆಯೂ ಇದೆ.

ಎರಡನೆಯದು ಜಾಗ. ಕಟ್ಟಡದ ಉದ್ದಗಲ ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೋ ಕ್ಯಾಟಲಾಗಿನಲ್ಲೋ ಇರುತ್ತದೆ. ಅದೇ ಅಳತೆಗೆ ಹಳೆಯ ಪತ್ರಿಕೆ ಕತ್ತರಿಸಿ ಹಲಗೆಯ ಮೇಲೆ ಹಾಸಿ ನೋಡಿ. ರವಿಕೆಗೆ ಕತ್ತರಿ ಹಾಕುವ ಮೊದಲು ಕಾಗದದ ಮಾದರಿ ಇಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೂರನೆಯದು, ಈ ಊರು ಯಾವುದರಿಂದ ಬದುಕುತ್ತದೆ ಎಂಬ ಪ್ರಶ್ನೆ. ಕೋಟೆ, ಚರ್ಚು, ಗಡಿಯಾರದ ಗೋಪುರ ಎಲ್ಲ ಕೊಂಡು ಒತ್ತಾಗಿ ಇಟ್ಟರೆ ಅದು ಊರಲ್ಲ, ವಸ್ತುಪ್ರದರ್ಶನ. ಒಂದು ಸ್ಟೇಷನ್, ಒಂದು ಗೋದಾಮು, ಒಂದು ಅಂಗಡಿ, ನಾಲ್ಕು ಸಾಧಾರಣ ಮನೆ. ಇಷ್ಟಿದ್ದರೆ ಅಲ್ಲಿ ರೈಲು ನಿಲ್ಲಲು ಕಾರಣ ಸಿಕ್ಕಿತು.

ಜೋಡಿಸುವಾಗ ಅವಸರ ಸಲ್ಲದು. ಪ್ಲಾಸ್ಟಿಕ್ ಭಾಗಗಳು ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಅವನ್ನು ತಿರುಚಿ ಕೀಳಬಾರದು. ಸಣ್ಣ ಕಟರಿನಿಂದ ಕತ್ತರಿಸಿ, ಉಳಿದ ಮುಳ್ಳನ್ನು ಅರದಿಂದ ಸವರಬೇಕು. ಅಂಟು ಹಚ್ಚುವ ಮೊದಲು ಒಮ್ಮೆ ಒಣಗೈಯಲ್ಲೇ ಜೋಡಿಸಿ ನೋಡಬೇಕು. ಪ್ಲಾಸ್ಟಿಕ್ಕಿನ ಅಂಟು ನಿಜವಾಗಿ ಅಂಟಿಸುವುದಿಲ್ಲ, ಎರಡು ಅಂಚುಗಳನ್ನು ಕರಗಿಸಿ ಒಂದುಮಾಡುತ್ತದೆ. ಆದ್ದರಿಂದ ಸೂಜಿಮೊನೆಯಷ್ಟು ಸಾಕು, ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು. ಗಾಜಿನ ಬದಲಿಗೆ ಬರುವ ಪಾರದರ್ಶಕ ಹಾಳೆಗೆ ಸೂಪರ್‌ಗ್ಲೂ ತಾಗಿದರೆ ಬೆಳ್ಳಗೆ ಮಂಜು ಹಿಡಿಯುತ್ತದೆ, ಅಲ್ಲಿಗೆ ಫೆವಿಕಾಲೇ ಸರಿ. ಒಳಗೆ ಬಲ್ಬು ಇಡುವುದಾದರೆ ಗೋಡೆಗಳ ಒಳಮೈಗೆ ಕಪ್ಪು ಬಳಿಯಬೇಕು, ಇಲ್ಲದಿದ್ದರೆ ಇಡೀ ಮನೆ ಲಾಂದ್ರದ ಹಾಗೆ ಉರಿಯುತ್ತದೆ. ಮಾಡನ್ನು ಅಂಟಿಸದೆ ಬರೇ ಕೂರಿಸಬೇಕು. ಕೊನೆಗೆ ತೆಳುವಾದ ಕಂದು ಬಣ್ಣವನ್ನು ಹೆಂಚಿನ ಸಾಲುಗಳ ಸಂದಿಗೆ ಇಳಿಸಿ ಒರೆಸಿದರೆ ಪ್ಲಾಸ್ಟಿಕ್ಕಿನ ಹೊಳಪು ಹೋಗಿ ನಾಲ್ಕು ಮಳೆಗಾಲ ಕಂಡ ಮಾಡಾಗುತ್ತದೆ. ಕಸೂತಿಯ ಎಳೆ ಎಣಿಸಿದ ಕಣ್ಣಿಗೆ, ಚಕ್ಕುಲಿ ಮುರಿಯದಂತೆ ಎತ್ತಿದ ಬೆರಳಿಗೆ ಇದು ಕಷ್ಟವೇ?

ಆಕ್ಷೇಪಗಳು ಇವೆ, ಬಲ್ಲೆ. ದುಡ್ಡು ದಂಡ ಎನ್ನುತ್ತಾರೆ. ಹೊರದೇಶದಿಂದ ಬರುವ ಪೆಟ್ಟಿಗೆಗೆ ಕೆಲವು ಸಾವಿರ ರೂಪಾಯಿ ಬೀಳುವುದು ನಿಜ. ಮದುವೆಗೊಂದರಂತೆ ಕೊಂಡು ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ಅದು ಮನೆತನದ ಮರ್ಯಾದೆಗಾಗಿ ಉಟ್ಟದ್ದು. ನನ್ನ ಖುಷಿಗಾಗಿ ಕೊಂಡದ್ದಕ್ಕೆ ಮಾತ್ರ ಲೆಕ್ಕ ಒಪ್ಪಿಸಬೇಕು! ಪೆಟ್ಟಿಗೆ ದುಬಾರಿಯಾದರೆ ಮದುವೆ ಕರೆಯೋಲೆಗಳ ದಪ್ಪ ಕಾಗದವಿದೆ, ಬ್ಲೇಡಿದೆ, ಸ್ಕೇಲಿದೆ. ಬ್ರಿಟನ್ನಿನಲ್ಲಿ ಇವತ್ತಿಗೂ ಬರೇ ರಟ್ಟಿನ ಕಿಟ್‌ಗಳನ್ನು ಮೆಚ್ಚಿ ಕಟ್ಟುವವರಿದ್ದಾರೆ. ಮಡಿಕೆಯ ಗೆರೆಯನ್ನು ಮೊದಲೇ ಗೀರಿಕೊಂಡು, ಕತ್ತರಿಸಿದ ಬಿಳಿ ಅಂಚಿಗೆ ಬಣ್ಣದ ಪೆನ್ಸಿಲ್ ಸವರಿದರೆ ರಟ್ಟು ರಟ್ಟಿನಂತೆ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ, ಯಾರದೋ ದೇಶದ ಮನೆ ನಮಗ್ಯಾಕೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಜರ್ಮನಿಯ ಕಪ್ಪು ಕಾಡಿನ ಸೀಮೆಯ ಗ್ಯೂಟೆನ್‌ಬಾಖ್‌ನಲ್ಲಿ ಫಾಲರ್ ಸಹೋದರರು ೧೯೪೬ರಲ್ಲಿ, ಯುದ್ಧ ಮುಗಿದ ಮರುವರ್ಷ, ತಮ್ಮ ಕಂಪನಿ ಶುರುಮಾಡಿದರು. ಅವರು ತಮ್ಮ ಸೀಮೆಯ ಮನೆಗಳನ್ನು ಮಾಡಿದ್ದು ಸಹಜವೇ. ನಮ್ಮ ಜಗಲಿ, ನಮ್ಮ ತುಳಸಿಕಟ್ಟೆ ಆ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ. ಆದರೆ ಪರದೇಶಿ ಎಂದು ದೂರ ತಳ್ಳುವ ಮೊದಲು ನಿಮ್ಮೂರಿನ ಹಳೆಯ ಮನೆಯ ಮಾಡನ್ನೊಮ್ಮೆ ನೋಡಿ. ಆ ಮಂಗಳೂರು ಹೆಂಚಿನ ಕಾರ್ಖಾನೆಯನ್ನು ೧೮೬೫ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದವರು ಬಾಸೆಲ್ ಮಿಷನ್ನಿನವರು. ಬಂದ ಹೆಂಚು ನಮ್ಮದಾಗಲಿಲ್ಲವೇ? ಕಿಟ್ಟಿನ ಮಾಡನ್ನು ಇಟ್ಟುಕೊಂಡು, ಮುಂದಕ್ಕೆ ರಟ್ಟಿನ ಜಗಲಿ ಇಳಿಸಿ, ಅಂಗಳದಲ್ಲಿ ತುಳಸಿಕಟ್ಟೆ ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಅಪ್ಪಣೆ ಬೇಡ ಎಂಬ ಮಾತೇ ನನಗೆ ಮುಖ್ಯ. ನಾವು ಬಾಳುವ ನಿಜವಾದ ಮನೆಯನ್ನು ಕಟ್ಟುವಾಗ ನಮ್ಮನ್ನು ಕೇಳಿದವರೆಷ್ಟು ಮಂದಿ? ಸೈಟು ಯಜಮಾನರದು, ನಕ್ಷೆ ಇಂಜಿನಿಯರರದು, ಬಾಗಿಲ ದಿಕ್ಕು ವಾಸ್ತುವಿನವರದು. ಎಲ್ಲ ಮುಗಿದ ಮೇಲೆ ‘ಅಡುಗೆಕಟ್ಟೆಗೆ ಯಾವ ಬಣ್ಣದ ಕಲ್ಲು ಹಾಕಿಸೋಣ ಹೇಳು’ ಎಂಬ ಔದಾರ್ಯ. ಗೃಹಪ್ರವೇಶದ ಮರುದಿನದಿಂದ ಗುಡಿಸುವುದು, ಒರೆಸುವುದು ಮಾತ್ರ ಪೂರ್ತಿಯಾಗಿ ನಮ್ಮದು. ಅಂಗೈಯಗಲದ ಈ ಮನೆಯಲ್ಲಿ ಬಾಗಿಲು ಎತ್ತ ಕಡೆ, ಗೋಡೆಗೆ ಯಾವ ಬಣ್ಣ, ರಸ್ತೆಗೆ ಎಷ್ಟು ದೂರ, ಎಲ್ಲವನ್ನೂ ನಾನೇ ನಿರ್ಧರಿಸುತ್ತೇನೆ. ಕಿಟಕಿಗೆ ಕಾಗದದ ಪರದೆ ಬಿಟ್ಟರೆ ಒಳಗೆ ಏನೂ ಇರುವುದಿಲ್ಲ. ಒಲೆಯಿಲ್ಲ, ಎಂಜಲ ತಟ್ಟೆಯಿಲ್ಲ. ಗುಡಿಸಬೇಕಿಲ್ಲದ ಮನೆ ಇದೊಂದೇ.

ಇದನ್ನು ನೋಡಿ ನಗುವವರು ನಗಲಿ. ನಮ್ಮ ಕೈಚಳಕವನ್ನು ಮೆಚ್ಚುವ ಲೋಕ, ಅದರ ಫಲವನ್ನು ತಾನೇ ಉಣ್ಣಬೇಕೆಂಬ ಕರಾರಿನ ಮೇಲೆ ಮೆಚ್ಚುತ್ತದೆ. ಆ ಕರಾರನ್ನು ವಾರಕ್ಕೆ ಎರಡು ಗಂಟೆಯಾದರೂ ಮುರಿಯಬೇಕು. ರೈಲೇ ಬೇಕೆಂದಿಲ್ಲ, ಮನೆಯಿಂದಲೇ ಶುರುಮಾಡಿ. ಮಗಳ ಹುಟ್ಟುಹಬ್ಬಕ್ಕೆ ಅಡುಗೆ ಸೆಟ್ಟಿನ ಬದಲು ಒಂದು ಸ್ಟೇಷನ್ ಕಿಟ್ ತನ್ನಿ, ಅವಳ ಜತೆ ನೀವೂ ಕೂತುಕೊಳ್ಳಿ. ‘ಇದರಿಂದೇನು ಉಪಯೋಗ?’ ಎಂದು ಯಾರಾದರೂ ಕೇಳಿದರೆ, ‘ಏನೂ ಇಲ್ಲ’ ಎಂದು ತಲೆಯೆತ್ತದೆ ಹೇಳಿ. ಅಂಟು ಒಣಗುವ ಮೊದಲು ಗೋಡೆಯನ್ನು ನೇರ ನಿಲ್ಲಿಸುವ ಕೆಲಸವಿದೆ.