ದೊರೆಯನ್ನು ಸಂತ ಮಾಡುವವರು ಯಾರು?

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಓಡಾಡಿದ ಹಳಬರಿಗೆ ದೌಂಡ ಅಂದರೆ ಇಂಜಿನ್ನು ಬಿಚ್ಚಿ ಹಿಂದಿನ ತುದಿಗೆ ಕಟ್ಟುತ್ತಿದ್ದ ಜಂಕ್ಷನ್. ಊರಿನ ಮಗ್ಗುಲಲ್ಲೇ ಭೀಮೆ ಹರಿಯುತ್ತಾಳೆ. ಮುಂದೆ ಪಂಢರಪುರ ಮುಟ್ಟಿ ನಮ್ಮ ಗಾಣಗಾಪುರದ ಕಡೆಗೆ ಬರುವವಳು ಅವಳೇ. ಆಷಾಢ ಏಕಾದಶಿ ಹತ್ತಿರವಾದಾಗ ದೇಹುವಿನಿಂದ ಹೊರಟ ತುಕಾರಾಮರ ಪಾಲಖಿ ಇದೇ ತಾಲ್ಲೂಕಿನ ಯವತ, ವರವಂಡಗಳಲ್ಲಿ ರಾತ್ರಿ ತಂಗುತ್ತದೆ. ತುಕಾರಾಮರನ್ನು ‘ಸಂತ’ ಎನ್ನಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಪಂಢರಪುರಕ್ಕೆ ನಡೆಯುವ ಭಕ್ತರಾದ ವಾರಕರಿಗಳು ಕರೆದರು, ಆದರು. ಶಿವಾಜಿ ಕಳಿಸಿದ ಕಾಣಿಕೆಗಳನ್ನು ಅವರು ಮುಟ್ಟದೆ ಹಿಂದಿರುಗಿಸಿದರೆಂಬ ಕಥೆ ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ನಡೆದದ್ದೋ ಕಟ್ಟಿದ್ದೋ, ಆ ಕಥೆಯ ಲೆಕ್ಕದಲ್ಲಿ ದೊರೆ ಬೇರೆ, ಸಂತ ಬೇರೆ.

ಕನ್ನಡದ ಕ್ರೈಸ್ತರೂ ‘ಸಂತ’ ಎಂಬ ಇದೇ ಪದವನ್ನು ಬಳಸುತ್ತಾರೆ. ಆದರೆ ಚರ್ಚಿನ ಸಂತರ ಪಟ್ಟಿಯಲ್ಲಿ ನಾರ್ವೆಯ ಓಲಾಫ್, ಹಂಗೇರಿಯ ಸ್ಟೀಫನ್, ಇಂಗ್ಲೆಂಡಿನ ಎಡ್ವರ್ಡ್, ಫ್ರಾನ್ಸಿನ ಒಂಬತ್ತನೆಯ ಲೂಯಿ ಇದ್ದಾರೆ. (ನಮ್ಮ ಊರುಗಳ ಶಾಲೆ, ಚರ್ಚುಗಳ ಹೆಸರಿನಲ್ಲಿರುವ ಸೇಂಟ್ ಸ್ಟೀಫನ್ ಸಾಮಾನ್ಯವಾಗಿ ಈ ದೊರೆಯಲ್ಲ, ಬೈಬಲ್ಲಿನಲ್ಲಿ ಬರುವ ಮೊದಲ ಹುತಾತ್ಮ.) ಇವರಾರೂ ರಾಜ್ಯ ಬಿಟ್ಟು ಕಾಡು ಸೇರಿದವರಲ್ಲ. ಕಂದಾಯ ಎತ್ತಿದವರು, ದಂಡು ಕಟ್ಟಿದವರು, ಕಿರೀಟದ ಹಂಗು ಬಿಡದೆ ಸತ್ತವರು. ಹಾಗಿದ್ದೂ ಸಂತರಾದದ್ದು ಹೇಗೆ?

ಮೊದಲು ಪದವಿಯ ಅರ್ಥ ತಿಳಿಯಬೇಕು. ಸಂತ ಪದವಿ ಸತ್ತ ಮೇಲೆ ಕೊಡುವ ಬಿರುದಲ್ಲ. ಈ ವ್ಯಕ್ತಿ ದೇವರ ಸನ್ನಿಧಿಯಲ್ಲಿದ್ದಾನೆ, ಅವನ ಹೆಸರಿನಲ್ಲಿ ಎಲ್ಲರೂ ಸೇರಿ ಪ್ರಾರ್ಥಿಸಬಹುದು ಎಂಬ ಘೋಷಣೆ ಅದು. ಆರಂಭದ ಶತಮಾನಗಳಲ್ಲಿ ಅದು ಸಮಾಧಿಯ ಬಳಿಯಲ್ಲೇ ತೀರ್ಮಾನವಾಗುತ್ತಿತ್ತು: ಜನ ಹರಕೆ ಹೊರುತ್ತಿದ್ದರು, ಕಾಯಿಲೆ ವಾಸಿಯಾಯಿತೆನ್ನುತ್ತಿದ್ದರು, ಆ ಪ್ರಾಂತ್ಯದ ಬಿಷಪ್ ಒಪ್ಪುತ್ತಿದ್ದರು. ಓಲಾಫ್ ಹಾಗೆ ಆದವನು. ವೈಕಿಂಗ್ ದಾಳಿಗಳಲ್ಲಿ ಪಳಗಿದ್ದ ಆ ಒರಟ ಕಳೆದುಕೊಂಡ ಸಿಂಹಾಸನಕ್ಕಾಗಿ ಹೋರಾಡುತ್ತ 1030ರಲ್ಲಿ ಸ್ಟಿಕ್ಲೆಸ್ಟಾಡ್ ಕದನದಲ್ಲಿ ಸತ್ತ. ಮರುವರ್ಷ ಬಿಷಪ್ ಗ್ರಿಮ್‌ಕೆಲ್ ಅವನನ್ನು ಸಂತನೆಂದು ಸಾರಿದರು. ಹೆಣ ಕೆಟ್ಟಿರಲಿಲ್ಲ, ಉಗುರು ಕೂದಲು ಬೆಳೆದಿದ್ದವು ಎಂದು ಕಥನಗಳು ಹೇಳುತ್ತವೆ. ಅವನನ್ನು ಕೊಂದ ಜನರೇ ಡೇನರ ಆಳ್ವಿಕೆಯಿಂದ ಬೇಸತ್ತಾಗ ಅವನ ಸಮಾಧಿಯ ಕಡೆಗೆ ತಿರುಗಿದರು.

ಹಂಗೇರಿಯದು ಇನ್ನೂ ಸೊಗಸಾದ ಪ್ರಸಂಗ. ಮಾಗ್ಯಾರರನ್ನು ಕ್ರೈಸ್ತ ರಾಜ್ಯವಾಗಿ ಕಟ್ಟಿದ ಸ್ಟೀಫನ್ 1038ರಲ್ಲಿ ತೀರಿಕೊಂಡ. ಅವನ ಆಳ್ವಿಕೆಯಲ್ಲಿ ದಾಯಾದಿ ವಾಜುಲನ ಕಣ್ಣು ಕೀಳಲಾಗಿತ್ತು. ಕಾಲಚಕ್ರ ತಿರುಗಿ ಆ ವಾಜುಲನ ಮೊಮ್ಮಗ ಲಾಡಿಸ್ಲಾಸನೇ ಪಟ್ಟಕ್ಕೆ ಬಂದ. ಅದೂ ಪಟ್ಟಾಭಿಷಿಕ್ತನಾಗಿದ್ದ ಸೊಲೊಮನ್ ಎಂಬ ದಾಯಾದಿಯನ್ನು ಬದಿಗೊತ್ತಿ. ಮುಂದೆ ಅವನನ್ನು ಸೆರೆಗೂ ತಳ್ಳಿದ. ಇಂಥ ದೊರೆಗೆ ರಾಜ್ಯ ಕಟ್ಟಿದ ಸ್ಟೀಫನ್ನನ ಆಶೀರ್ವಾದ ಎಷ್ಟು ಬೇಕಿತ್ತೆಂದು ಬಿಡಿಸಿ ಹೇಳಬೇಕಿಲ್ಲ. 1083ರಲ್ಲಿ ಸ್ಟೀಫನ್ನನ ಸಮಾಧಿ ತೆರೆಯಲು ಹೋದರೆ ಮೂರು ದಿನ ಕಲ್ಲು ಅಲುಗಲಿಲ್ಲವಂತೆ. ಸೊಲೊಮನ್ನನ್ನು ಬಿಡುವ ತನಕ ಅದು ಏಳದು ಎಂದು ತಪಸ್ವಿನಿಯೊಬ್ಬಳು ಹೇಳಿದಳಂತೆ. ಬಿಟ್ಟರು, ಕಲ್ಲು ಎದ್ದಿತು. ಸಂತನಾದ ದೊರೆ ಬದುಕಿರುವ ದೊರೆಗೆ ಬಲವನ್ನೂ ಕೊಡುತ್ತಾನೆ, ಕಿವಿಯನ್ನೂ ಹಿಂಡುತ್ತಾನೆ. ಈ ಎರಡನೆಯದನ್ನು ನಾವು ಮರೆತು ಎಲ್ಲವನ್ನೂ ರಾಜಕೀಯವೆಂದು ತಳ್ಳಿಹಾಕುತ್ತೇವೆ.

ರಾಜಕೀಯ ಇರಲಿಲ್ಲವೆಂದಲ್ಲ. 12ನೆಯ ಶತಮಾನದಲ್ಲಿ ಸಂತರೆಂದು ಸಾರುವ ಅಧಿಕಾರ ಮೆಲ್ಲಗೆ ರೋಮಿನ ಕೈಗೆ ಹೋಯಿತು. 1234ರ ಹೊತ್ತಿಗೆ ಅದು ಪೋಪರದ್ದೇ ಎಂದು ಕಾನೂನಾಯಿತು. 1138ರಲ್ಲಿ ಒಮ್ಮೆ ಕೈಗೂಡದ ಎಡ್ವರ್ಡನ ಪರವಾದ ಅರ್ಜಿಯನ್ನು 1161ರಲ್ಲಿ ಪೋಪ್ ಮೂರನೆಯ ಅಲೆಕ್ಸಾಂಡರ್ ಒಪ್ಪಿಕೊಂಡರು. ಎದುರಾಳಿ ಪೋಪನೊಬ್ಬ ಹುಟ್ಟಿಕೊಂಡು ಅವರಿಗೆ ಇಂಗ್ಲೆಂಡಿನ ಬೆಂಬಲ ಬೇಕಾಗಿದ್ದ ಸಮಯ ಅದು. ಎದುರು ಬಣದವರೇನು ಕಡಿಮೆ? ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನ ಒತ್ತಾಸೆಯಿಂದ 1165ರಲ್ಲಿ ಶಾರ್ಲಮೇನನನ್ನೇ ಸಂತನೆಂದು ಸಾರಿದರು.

ಎಲ್ಲರಿಗಿಂತ ಕಠಿಣ ಪರೀಕ್ಷೆಗೆ ಒಳಗಾದವನು ಲೂಯಿ. 1270ರಲ್ಲಿ ಧರ್ಮಯುದ್ಧಕ್ಕೆಂದು ಹೋಗಿ ಟ್ಯೂನಿಸ್ ಬಳಿ ಕಾಯಿಲೆಯಿಂದ ಸತ್ತ. 1282–83ರಲ್ಲಿ ಸೇಂಟ್ ಡೆನಿಯಲ್ಲಿ ಕೂತು ಮುನ್ನೂರಕ್ಕೂ ಹೆಚ್ಚು ಜನರ ಸಾಕ್ಷ್ಯ ಪಡೆದರು. ನಮ್ಮ ಕೋರ್ಟು ಕಚೇರಿಯಂತೆಯೇ. 1297ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ಅವನಿಗೆ ಪದವಿ ಕೊಟ್ಟಾಗ ಲೂಯಿಯ ಮೊಮ್ಮಗ ನಾಲ್ಕನೆಯ ಫಿಲಿಪ್‌ನೊಂದಿಗೆ ಚರ್ಚಿನ ತೆರಿಗೆಯ ಜಗಳಕ್ಕೆ ರಾಜಿ ನಡೆಯುತ್ತಿತ್ತು. ಬಡವರಿಗೆ ಉಣಬಡಿಸಿದವನು, ದೂರು ಕೇಳಿ ನ್ಯಾಯ ಕೊಟ್ಟವನು ಎಂಬ ಹೆಸರು ಲೂಯಿಗೆ ಸುಮ್ಮನೆ ಬಂದದ್ದಲ್ಲ. ಆದರೆ ಯಹೂದಿಗಳ ತಾಲ್ಮೂಡ್ ಗ್ರಂಥಗಳನ್ನು ಗಾಡಿಗಟ್ಟಲೆ ಪ್ಯಾರಿಸಿನಲ್ಲಿ ಸುಟ್ಟದ್ದೂ, ಅವರು ಬಟ್ಟೆಯ ಮೇಲೆ ಗುರುತು ಧರಿಸಬೇಕೆಂದು 1269ರಲ್ಲಿ ಆಜ್ಞೆ ಹೊರಟದ್ದೂ ಇದೇ ದೊರೆಯ ಕಾಲದಲ್ಲಿ. ಆ ಕಾಲದ ಭಕ್ತರಿಗೆ ಇವು ಕಳಂಕವಾಗಿ ಕಾಣಲಿಲ್ಲ, ಭಕ್ತಿಯಾಗಿಯೇ ಕಂಡವು. ನನಗೆ ಲೂಯಿಯ ಬಗ್ಗೆ ಓದಿದಾಗಲೆಲ್ಲ ಕಸಿವಿಸಿಯಾಗುವುದು ಇಲ್ಲೇ.

ಕನ್ನಡ ನಾಡಿನ ದೊರೆಗಳೂ ಪುಣ್ಯದ ದಾರಿ ಹಿಡಿದವರೇ, ಆದರೆ ದಿಕ್ಕು ಬೇರೆ. ಗಂಗರ ಮಾರಸಿಂಹ ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ಕೈಗೊಂಡ. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ. ಇಲ್ಲಿ ಬಿಟ್ಟದ್ದೇ ಪುಣ್ಯ. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಕಾಲೇಜಿಗೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಜಾಗ ನಮಗೆ ಬೇಗ ಅರ್ಥವಾಗುವುದೂ ಅದಕ್ಕೇ ಇರಬೇಕು: ಇಟಲಿಯ ಸಂಸ್ಥಾನವೊಂದರ ಹಿರಿಯ ಮಗ, ಹಕ್ಕನ್ನೆಲ್ಲ ತಮ್ಮನಿಗೆ ಬರೆದುಕೊಟ್ಟು ಸನ್ಯಾಸಿಯಾಗಿ, ರೋಮಿನಲ್ಲಿ ಪಿಡುಗಿನ ರೋಗಿಗಳ ಸೇವೆ ಮಾಡುತ್ತ 1591ರಲ್ಲಿ ಸತ್ತವನು. ಲೂಯಿ, ಸ್ಟೀಫನ್ನರ ವಿಷಯದಲ್ಲಿ ಚರ್ಚು ಬೇರೆ ಮಾತು ಹೇಳಿತು: ಆಳುವುದೂ ಒಂದು ಕರೆ, ಅದನ್ನು ನೆಟ್ಟಗೆ ಮಾಡಿದರೆ ಸಿಂಹಾಸನದಿಂದ ಇಳಿಯಬೇಕಿಲ್ಲ.

ವರವಂಡದಲ್ಲಿ ಪಾಲಖಿ ಇಳಿದಾಗ ಜನ ನೂಕುನುಗ್ಗಲಿನಲ್ಲಿ ಹಣೆ ಮುಟ್ಟಿಸುವುದು ತುಕಾರಾಮರ ಪಾದುಕೆಗೆ. ಬುಡಾಪೆಸ್ಟಿನಲ್ಲಿ ಪ್ರತಿ ಆಗಸ್ಟ್ 20ರಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆರವಣಿಗೆ ಮಾಡುವುದು ಸ್ಟೀಫನ್ನನದೆಂದು ನಂಬಿದ ಬಲಗೈಯನ್ನು.